ಭಾವನ ತೊಡೆಯೂ ಸರ್ಕಾರದ ಮೆಡಲೂ

ಕಳೆದ ಬುಧವಾರ ದಿಂಡಿಗಲ್ಲಿನ ಆಸ್ಪತ್ರೆಯಲ್ಲಿ ನನ್ನ ಭಾವ ಪಂಚೆ ಸರಿಸಿ ಸರ್ಕಾರಕ್ಕೆ ತನ್ನ ಬಲತೊಡೆ ತೋರಿಸಿದ.

ಸರ್ಕಾರ ನೋಡಿತು. ಕನ್ನಡಕ ಏರಿಸಿಕೊಂಡು ನೋಡಿತು. ಬೆರಳಿನಿಂದ ಒತ್ತಿ ನೋಡಿತು. ಆಮೇಲೆ ಕೈ ತೊಳೆದುಕೊಂಡು, ‘ಇದು ಗುಂಡೇಟಲ್ಲ, ಸುಟ್ಟ ಗಾಯ’ ಎಂದು ಬರೆದು ಸಹಿ ಹಾಕಿತು.

ಮುಗಿಯಿತು. ನಮ್ಮೂರು ಕಂಬಂನಿಂದ ಮೂರು ದಿನ ಬಂಡಿ ಹೊಡೆದುಕೊಂಡು ನಾವು ಹೋಗಿದ್ದು ಇದನ್ನು ಕೇಳಿಸಿಕೊಂಡು ಬರುವುದಕ್ಕೆ.

ಈ ವಾರ ಎತ್ತಿನ ಲಾಳದ ವಿಷಯ ಬರೆಯುತ್ತೇನೆಂದು ಸಂಪಾದಕರಿಗೆ ಮಾತು ಕೊಟ್ಟಿದ್ದೆ. ಲಾಳ ಎಲ್ಲಿಗೂ ಓಡಿಹೋಗುವುದಿಲ್ಲ, ಇರಲಿ. ನನ್ನ ತಲೆ ಕುದಿಯುತ್ತಿದೆ. ಇದನ್ನು ಹೊರಗೆ ಹಾಕದೆ ನಾನು ಬೇರೆ ಒಂದು ಸಾಲೂ ಬರೆಯಲಾರೆ.

ಮೊದಲಿಂದ ಹೇಳುತ್ತೇನೆ.

ನನ್ನ ಭಾವ ರಂಗಪ್ಪ, ಅಂದರೆ ನನ್ನ ಅಕ್ಕನ ಗಂಡ, ಮದರಾಸಿನ ಪಲ್ಟನ್ನಿನಲ್ಲಿ ಸಿಪಾಯಿಯಾಗಿ ಬರ್ಮಾಕ್ಕೆ ಹೋಗಿ ಬಂದವನು. ಬರ್ಮಾದ ಅರಸನನ್ನು ಗದ್ದುಗೆಯಿಂದ ಇಳಿಸಿದ ಯುದ್ಧದ ಸುದ್ದಿಯನ್ನು ನೀವೆಲ್ಲ ಪತ್ರಿಕೆಯಲ್ಲಿ ಓದಿದ್ದೀರಿ. ಅರಸ ಬೇಗ ಕೈಗೆ ಸಿಕ್ಕಿದ. ಕಾಡು ಸಿಗಲಿಲ್ಲ. ಆ ಕಾಡಿನೊಳಗೆ ಆಮೇಲೂ ವರ್ಷಗಟ್ಟಲೆ ಹೊಡೆದಾಟ ನಡೆಯಿತು. ಅಲ್ಲೊಂದು ಹಳ್ಳಿಯ ಬಿದಿರು ಬೇಲಿಯ ಹಿಂದಿನಿಂದ ಯಾರೋ ಹಾರಿಸಿದ ಗುಂಡು ಭಾವನ ತೊಡೆಗೆ ಬಿತ್ತು. ಹಾರಿಸಿದವನು ಕಾಣಲಿಲ್ಲ. ಹೊಗೆ ಮಾತ್ರ ಕಂಡಿತಂತೆ.

ಆಮೇಲೆ ಡೇರೆಯ ಆಸ್ಪತ್ರೆ. ಆಮೇಲೆ ಜ್ವರ. ಗಾಯಕ್ಕಿಂತ ಜ್ವರವೇ ದೊಡ್ಡದಾಯಿತು. ಹಡಗು ಹತ್ತಿಸಿ ಮದರಾಸಿಗೆ ತಂದು, ಕೈಗೊಂದು ಡಿಸ್ಚಾರ್ಜು ಕಾಗದ ಕೊಟ್ಟು, ರೈಲು ಹತ್ತಿಸಿದರು. ಆ ಕಾಗದದಲ್ಲಿ ಏನಿದೆ? ‘ಜ್ವರದಿಂದ ಸೇವೆಗೆ ಅಶಕ್ತ’ ಎಂದಿದೆ. ಗುಂಡಿನ ಮಾತೇ ಇಲ್ಲ. ಗುಂಡು ತಿಂದವನು ತೊಡೆ ತೋರಿಸಿದರೆ, ಬರೆಯುವವನು ನಾಲಗೆ ನೋಡಿ ಬರೆದಿದ್ದಾನೆ!

ಪಲ್ಟನ್ನಿನವರಿಗೆಲ್ಲ ಮೆಡಲು ಹಂಚಿದ ದಿನ ಭಾವ ಇಲ್ಲಿ ಕಂಬಂನಲ್ಲಿ ನನ್ನ ಅಕ್ಕನ ಕೈಯ ರಾಗಿ ಗಂಜಿ ಕುಡಿಯುತ್ತಿದ್ದ. ಅವನ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು.

ಇಷ್ಟು ವರ್ಷ ಅವನು ಅದನ್ನು ಕೇಳಲೂ ಇಲ್ಲ. ಆಂಡಿಪಟ್ಟಿಯಲ್ಲಿ ಒಬ್ಬ ಸಿಪಾಯಿ ಇದ್ದಾನೆ. ಅದೇ ಯುದ್ಧಕ್ಕೆ ಬೇರೆ ಪಲ್ಟನ್ನಿನಲ್ಲಿ ಹೋಗಿ, ರಂಗೂನಿನ ಗೋಡೌನೊಂದರ ಬಾಗಿಲು ಕಾದು ಬಂದವನು. ಸೊಳ್ಳೆ ಕಚ್ಚಿದ್ದು ಬಿಟ್ಟರೆ ಅವನ ಮೈಮೇಲೆ ಯುದ್ಧದ ಗುರುತಿಲ್ಲ. ಸಂತೆಗೆ ಬದನೆಕಾಯಿ ತರಲು ಹೋಗುವಾಗಲೂ ಮೆಡಲು ಚುಚ್ಚಿಕೊಂಡು ಹೋಗುತ್ತಾನೆ. ಅವನನ್ನು ಕಂಡಾಗಲೂ ಭಾವ ನಕ್ಕು ಸುಮ್ಮನಾಗುತ್ತಿದ್ದ. ಹಾಗಿದ್ದವನಿಗೆ ಈ ವರ್ಷ ಮೆಡಲು ಯಾಕೆ ಬೇಕಾಯಿತು?

ಅದಕ್ಕೆ ನಮ್ಮ ದನಗಳ ವಿಷಯ ಹೇಳಬೇಕು. (ಮೈಸೂರು ಕಡೆಯ ಓದುಗರು ಸ್ವಲ್ಪ ತಾಳ್ಮೆಯಿಂದ ಕೇಳಿ. ನಿಮ್ಮ ಕಡೆಯಿಂದಲೇ ಎಷ್ಟೋ ತಲೆಮಾರಿನ ಹಿಂದೆ ಬಂದವರು ನಾವು.)

ನಮ್ಮ ಹಿರಿಯರು ಈ ಕಣಿವೆಗೆ ಬರುವಾಗ ಹೊಡೆದುಕೊಂಡು ಬಂದ ದನಗಳ ಸಂತತಿಯನ್ನು ಇವತ್ತಿಗೂ ಬೇರೆ ದೊಡ್ಡಿಯಲ್ಲಿ ಸಾಕುತ್ತೇವೆ. ದೇವರ ಆವು ಎನ್ನುತ್ತೇವೆ. ಅವುಗಳ ಹಾಲು ಕರೆಯುವಂತಿಲ್ಲ, ನೊಗಕ್ಕೆ ಹೂಡುವಂತಿಲ್ಲ, ಮಾರುವಂತಿಲ್ಲ. ವರ್ಷಕ್ಕೊಮ್ಮೆ ಆ ಹಿಂಡು ಮೇಯಲು ಬೆಟ್ಟ ಹತ್ತುತ್ತದೆ. ಆಗ ಹಿಂಡಿನ ಮುಂದೆ ಕೋಲು ಹಿಡಿದು ನಡೆಯುವ ಹಕ್ಕು ಕೆಲವು ಮನೆಗಳಿಗೆ ಮಾತ್ರ ಇದೆ. ಸರದಿಯಲ್ಲಿ ಬರುತ್ತದೆ. ಭಾವನ ಅಜ್ಜ ಹಿಡಿದಿದ್ದ, ಅಪ್ಪ ಹಿಡಿದಿದ್ದ. ಈ ವರ್ಷ ಸರದಿ ಭಾವನದು.

ಕಟ್ಟಲೆ ಒಂದೇ. ದೇವರ ಆವಿನ ಗೂಳಿ ಯಾರನ್ನಾದರೂ ತಿವಿದರೆ ಅವನು ಆಮೇಲೆ ಆ ಕೋಲು ಮುಟ್ಟಕೂಡದು. ದೇವರೇ ಬೇಡವೆಂದು ತಳ್ಳಿದವನು ಅವನು. ಅವನ ಮನೆಯ ಹಕ್ಕೂ ಅವನೊಂದಿಗೇ ಹೋಯಿತು, ಮಕ್ಕಳು ಮೊಮ್ಮಕ್ಕಳಿಗೂ ಇಲ್ಲ.

ಭಾವ ಪಲ್ಟನ್ ಸೇರಲು ಹೋದಾಗ ಯಾರಿಗೂ ಹೇಳಿ ಹೋಗಿರಲಿಲ್ಲ. ಬಂದು ಮತ್ತೆ ಊರಲ್ಲಿ ಓಡಾಡತೊಡಗಿದಾಗ ಕಾಲು ಎಳೆಯುತ್ತಿದ್ದ. ತೊಡೆಯ ಮೇಲೆ ಬರೆಯ ಗುರುತಿತ್ತು. ಬರೆ ಅಂದರೆ ಅಂತಿಂಥ ಬರೆಯಲ್ಲ. ಗೂಳಿ ತಿವಿದ ಗಾಯ ಕೀವಾದಾಗ ನಮ್ಮವರು ಎಳೆಯುವ ಬರೆಗೇ ಒಂದು ಅಚ್ಚಿದೆ: ನಡುವೆ ಒಂದು ಸುತ್ತು, ಅದರ ಸುತ್ತ ಮೂರು ಗೀಟು. ನಮ್ಮೂರಿನಲ್ಲಿ ಆ ಗುರುತು ಕಂಡವರು ಇನ್ನೇನನ್ನೂ ಕೇಳುವುದಿಲ್ಲ.

ಕೇಳಲಿಲ್ಲ. ತಾವೇ ತೀರ್ಮಾನ ಮಾಡಿದರು. ‘ಗೂಳಿ ತಿವೀತು. ನಾಚಿಕೆಗೆ ಪಲ್ಟನ್ ಸೇರ್ದ. ಜ್ವರ ಬಂದು ಓಡಿ ಬಂದ. ಕಾಗಿದದಾಗೇ ಬರ್ದೈತಲ್ಲ, ಜ್ವರ ಅಂತ!’

ನಾನು ಕೇಳಿದೆ, ‘ಗೂಳಿ ತಿವಿದ ಕುಂಟನನ್ನ ಯಾವ ಪಲ್ಟನ್ ಸೇರಿಸ್ಕೊಳ್ತದಪ್ಪಾ?’

‘ನೀನು ಅವನ ಹೆಂಡ್ತಿ ತಮ್ಮ. ನೀನು ಹಂಗೇ ಹೇಳ್ಬೇಕು’ ಎಂದರು.

ಆ ಬರೆ ಎಳೆದವರು ಯಾರು? ಭಾವನ ತಾಯಿ, ನಮ್ಮ ಚೆನ್ನಮ್ಮತ್ತೆ. ನಾನು ಕಣ್ಣಾರೆ ಕಂಡವನು. (ಕಂಡವನು ಎನ್ನುವುದು ಪೂರ್ತಿ ಸತ್ಯವಲ್ಲ. ಮುಂದೆ ಹೇಳುತ್ತೇನೆ.) ದಿಂಡಿಗಲ್ ಸ್ಟೇಷನ್ನಿನಿಂದ ಅವನನ್ನು ಹೊತ್ತು ತಂದದ್ದು ನನ್ನ ಬಂಡಿಯೇ. ದಾರಿಯಲ್ಲಿ ಗಾಯ ಬಾಯಿಬಿಟ್ಟು ನಾತ ಹಿಡಿದಿತ್ತು. ಮನೆಯ ಜಗಲಿಗೆ ಇಳಿಸಿದ ಕೂಡಲೇ ಅತ್ತೆ ಪಟ್ಟಿ ಬಿಚ್ಚಿ ಮೂಸಿದರು. ಅಳಲಿಲ್ಲ. ‘ಒಳಗೆ ತಗೊಂಡು ಬಾ’ ಎಂದರು. ದನಕ್ಕೆ ಬರೆ ಎಳೆಯುವ ಕಬ್ಬಿಣ ಒಲೆಗೆ ಇಟ್ಟರು. ಆಳವಾದ ತೂತು, ಒಳಗೆ ಕೀವು. ಗೂಳಿ ತಿವಿದ ಗಾಯದ ಲಕ್ಷಣವೂ ಅದೇ. ಅವರಿಗೆ ಗೊತ್ತಿದ್ದ ಔಷಧ ಅದು. ಅದನ್ನೇ ಮಾಡಿದರು.

ನಾನು ಭಾವನ ಹೆಗಲ ಮೇಲೆ ಮಂಡಿಯೂರಿ ಅವನನ್ನು ಅದುಮಿ ಹಿಡಿದಿದ್ದೆ. ಹತ್ತು ದಿನಕ್ಕೆ ಗಾಯ ಒಣಗಿತು. ಪಲ್ಟನ್ನಿನ ಡಾಕ್ಟರುಗಳು ತಿಂಗಳುಗಟ್ಟಲೆ ಪಟ್ಟಿ ಕಟ್ಟಿ ಸೋತಿದ್ದ ಗಾಯ.

ಇನ್ನು ಈ ವರ್ಷಕ್ಕೆ ಬರೋಣ. ಸರದಿ ಬಂದಾಗ ದೊಡ್ಡಿಯ ಹಿರಿಯರಾದ ಕೆಂಚಯ್ಯ ತಾತ ಎಲ್ಲರ ಮುಂದೆ ಹೇಳಿದರು: ‘ರಂಗಾ, ನಾನು ನಿನ್ನ ಪೊಯ್ಯಿಗಾರ, ಸುಳ್ಳುಗಾರ ಅನ್ನಲ್ಲ. ಆದ್ರೆ ದೇವರ ಕೋಲು. ಗುಮಾನಿ ಇಟ್ಕೊಂಡು ಕೊಡಕ್ಕಾಗಲ್ಲ. ತುಪ್ಪಾಕಿ ಗುಂಡು ಅಂತೀಯೆ. ಗುಂಡಿನ ಗಾಯಕ್ಕೆ ಸರ್ಕಾರ ಮೆಡಲ್ ಕೊಡ್ತದಲ್ಲ? ಅದನ್ನ ತಾ. ಇಲ್ಲಾ, ಒಂದು ಕಾಗಿದ ತಾ. ಹುಣ್ಣಿಮೆಗೆ ಹಿಂಡು ಹತ್ಬೇಕು. ಅಷ್ಟ್ರಾಗೆ ಬಂದ್ರೆ ಶರಿ. ಬರ್ದಿದ್ರೆ ಕೋಲು ಬೇರೆ ಮನೆಗೆ.’

ಭಾವ, ‘ಶರಿ ತಾತಾ’ ಎಂದ. ಸೆಲ್ಯೂಟ್ ಹೊಡೆಯುವುದೊಂದು ಬಾಕಿ.

ಆಮೇಲೆ ಶುರುವಾಯಿತು ನನ್ನ ಪಾಡು.

ನಾನು ಸ್ಕೂಲಿಗೆ ಮೂರು ವರ್ಷ ಹೋದವನು. ಅಪ್ಪ ತೀರಿಕೊಂಡ ಮೇಲೆ ಬಂಡಿ ಹತ್ತಿದೆ. ದಿಂಡಿಗಲ್ಲಿಂದ ಕಣಿವೆಯ ತುದಿಯವರೆಗೆ ನನ್ನ ಬಂಡಿಗಳು ಓಡುತ್ತವೆ. ಯಾರ ಮನೆ ಬಾಗಿಲಲ್ಲೂ ನಾನು ಕೈಕಟ್ಟಿ ನಿಂತವನಲ್ಲ. ಕನ್ನಡ ಓದಿ ಬರೆಯುವುದನ್ನು ಬಂಡಿಯ ಮೇಲೆ ಕೂತೇ ಗಟ್ಟಿ ಮಾಡಿಕೊಂಡವನು, ತಮಿಳೂ ಬರುತ್ತದೆ. ಇಂಗ್ಲಿಷು ಮಾತ್ರ ಸ್ಟೇಷನ್ನಿನ ಹೆಸರು, ಮೂಟೆಯ ನಂಬರು, ಇಷ್ಟಕ್ಕೇ ನಿಂತಿದೆ. ಸರ್ಕಾರಕ್ಕೆ ಇಂಗ್ಲಿಷಿನಲ್ಲೇ ಬರೆಯಬೇಕು. ಹಾಗಾಗಿ ಪೆರಿಯಕುಳಂನಲ್ಲಿ ಮರದಡಿ ಕೂತು ಅರ್ಜಿ ಬರೆಯುವ ಒಬ್ಬರ ಹತ್ತಿರ ಹೋದೆವು.

ಅವರು ಭಾವನ ಕಥೆ ಕೇಳುವ ಮೊದಲೇ ಅರ್ಧ ಹಾಳೆ ಬರೆದಿದ್ದರು.

‘ಏನು ಬರೆದಿರಿ?’ ಎಂದೆ.

‘ತಮ್ಮ ಪಾದದ ಧೂಳಿಯಾದ ಈ ಬಡ ಪ್ರಾಣಿ, ಹೊಟ್ಟೆಗಿಲ್ಲದ ಹೆಂಡತಿ ಮಕ್ಕಳೊಂದಿಗೆ ತಮ್ಮ ಹೊಸ್ತಿಲಲ್ಲಿ ಬಿದ್ದಿದ್ದಾನೆ...’

‘ಹೊಡೆದುಹಾಕಿ. ಅವನು ಪ್ರಾಣಿಯಲ್ಲ, ಸಿಪಾಯಿ. ಹೊಟ್ಟೆಗೂ ಇದೆ.’

‘ಹಾಗೆ ಬರೆಯದಿದ್ದರೆ ದೊರೆಗಳು ಓದುವುದಿಲ್ಲ.’

‘ಓದದಿದ್ದರೆ ಬೇಡ. ಗುಂಡು ಬಿತ್ತು, ಮೆಡಲು ಬರಲಿಲ್ಲ. ಇಷ್ಟು ಬರೆಯಿರಿ.’

ಆತ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು. ಎರಡು ಸಾಲಿನ ಅರ್ಜಿಯನ್ನು ಅವರು ಜೀವಮಾನದಲ್ಲೇ ಬರೆದಿರಲಿಲ್ಲವಂತೆ. ಕೊನೆಗೆ ನಾಲ್ಕು ಸಾಲಿಗೆ ರಾಜಿಯಾದೆವು. (ಪಾದದ ಧೂಳಿಯನ್ನು ಒಂದೇ ಒಂದು ಕಡೆ ಉಳಿಸಿಕೊಂಡರು. ಕುಶಲಕರ್ಮಿಯ ಹಟ, ಬಿಟ್ಟೆ.)

ಆಶ್ಚರ್ಯವೆಂದರೆ ಉತ್ತರ ಬಂತು. ಪಟ್ಟಿಯಲ್ಲಿ ಹೆಸರಿಲ್ಲ, ಆಸ್ಪತ್ರೆಯ ಆ ವರ್ಷದ ಪುಸ್ತಕ ನದಿಯ ದೋಣಿಯಲ್ಲಿ ನೆನೆದು ಹಾಳಾಗಿದೆ, ಆದರೂ ತೊಡೆಯಲ್ಲಿರುವುದು ಗುಂಡೇಟಿನ ಗಾಯವೇ ಎಂದು ದಿಂಡಿಗಲ್ಲಿನ ಡಾಕ್ಟರು ಸರ್ಟಿಫಿಕೇಟು ಕೊಟ್ಟರೆ, ಅದನ್ನೇ ಸಾಕ್ಷಿಯೆಂದು ಹಿಡಿದು ಮೆಡಲಿನ ವಿಷಯ ಮತ್ತೆ ನೋಡಲಾಗುವುದು. ನ್ಯಾಯವಾದ ಮಾತೇ. ನನಗೆ ಸಂತೋಷವಾಯಿತು. ಗಾಯ ಇದೆ, ಡಾಕ್ಟರಿದ್ದಾರೆ, ನನ್ನ ಬಂಡಿ ಇದೆ. ಇನ್ನೇನು ಬೇಕು?

ಚೆನ್ನಮ್ಮತ್ತೆ ತಾವೂ ಬರುತ್ತೇನೆಂದು ಹತ್ತಿ ಕೂತರು.

‘ಅತ್ತೆ, ಮೂರು ದಿನದ ದಾರಿ. ಸೊಂಟ ಹಿಡಿದುಕೊಳ್ತದೆ.’

‘ನನ್ನ ಸೊಂಟ ನಿನ್ನ ಬಂಡಿ ಅಚ್ಚಿಗಿಂತ ಗಟ್ಟಿ. ಹೊಡಿ.’

ಬುಧವಾರ ಆಸ್ಪತ್ರೆಯ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಬಾಗಿಲಲ್ಲಿದ್ದ ಗುಮಾಸ್ತ ತಮಿಳಿನಲ್ಲಿ ಕೇಳಿದ, ‘ಏನು ಕಾಯಿಲೆ?’

‘ಕಾಯಿಲೆ ಇಲ್ಲ. ಮೆಡಲಿಗೆ ಬಂದಿದ್ದೇವೆ.’

‘ಇಲ್ಲಿ ಭೇದಿಗೆ ಮದ್ದು ಕೊಡ್ತಾರೆ, ಬೇಕಾದ್ರೆ ಎರಡು ಬಾಟ್ಲಿ ತಗೊಂಡು ಹೋಗಿ. ಮೆಡಲು ಕೊಡಲ್ಲ.’

ಕಾಗದ ತೋರಿಸಿದೆ. ಓದಿ, ಮುಖ ಗಂಟು ಹಾಕಿಕೊಂಡು, ಕೂರಿಸಿದ. ಬಿಸಿಲು ನೆತ್ತಿಗೆ ಬರುವವರೆಗೆ ಕೂತೆವು.

ಡಾಕ್ಟರು ಬಿಳಿಯರು. ಒಳ್ಳೆಯ ಮನುಷ್ಯ ಎಂದೇ ಹೇಳಬೇಕು. ಅದೇ ನನ್ನ ಸಂಕಟ. ಕೆಟ್ಟವನಾಗಿದ್ದರೆ ಬೈದು ಹಗುರಾಗುತ್ತಿದ್ದೆ. ಸಿಪಾಯಿ ಎಂದು ಕೇಳಿ ಭಾವನಿಗೆ ಕುರ್ಚಿ ತೋರಿಸಿದರು. ಭಾವ ಬೆನ್ನು ನೆಟ್ಟಗೆ ಮಾಡಿ, ಕೈ ಮಂಡಿಯ ಮೇಲಿಟ್ಟು ಕೂತ. ಪಂಚೆ ಸರಿಸಿದ.

ಡಾಕ್ಟರ ಹುಬ್ಬು ಮೇಲೇರಿತು. ಗುಮಾಸ್ತನ ಮೂಲಕ ಕೇಳಿದರು, ‘ಇದನ್ನು ಸುಟ್ಟವರು ಯಾರು?’

ಬಾಗಿಲಲ್ಲಿ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ಬಂದರು. ‘ನಾನೇ ಸಾಮಿ!’

‘ತಾಯಿ ಸುಟ್ಟಳಂತೆ’ ಎಂದ ಗುಮಾಸ್ತ.

‘ತಾಯಿ? ಯಾಕೆ?’

‘ಮಾಯ್ಲಿ ಅಂತ! ಮಾಯ್ತಲ್ಲ! ನಿಮ್ಮ ಪಲ್ಟನ್ ಡಾಕ್ಟ್ರು ಬಟ್ಟೆ ಸುತ್ತಿ ಸುತ್ತಿ ಕೊಳೆಸಿಟ್ಟಿದ್ದನ್ನ ನಾನು ಹತ್ತು ದಿನಕ್ಕೆ ಮಾಯಿಸ್ಲಿಲ್ವಾ? ಕೇಳಪ್ಪಾ ಅವರನ್ನ, ಇಂಥಾ ಕೈ ಅವರಿಗೈತಾ ಅಂತ ಕೇಳು!’

‘ಏಯ್ ಕಿಳವಿ, ಮುದುಕೀ, ಇದನ್ನ ನಾನು ಇಂಗ್ಲಿಷಿನಲ್ಲಿ ಹೇಳಿದರೆ ನಾಳೆ ನಾನೂ ನಿನ್ನ ಜೊತೆ ದನ ಮೇಯಿಸಬೇಕಾಗುತ್ತೆ. ಹೊರಗೆ ನಡಿ!’ ಎಂದು ಗುಮಾಸ್ತ ಅತ್ತೆಯನ್ನು ಜಗಲಿಗೆ ಅಟ್ಟಿದ.

ಡಾಕ್ಟರು ಮತ್ತೆ ಒತ್ತಿ ನೋಡಿದರು. ‘ಗುಂಡು ಇನ್ನೂ ಒಳಗಿದೆಯೇ?’

‘ಇಲ್ಲ ಸರ್’ ಎಂದ ಭಾವ.

‘ಇದ್ದಿದ್ದರೆ ಬೆರಳಿಗೆ ಸಿಗುತ್ತಿತ್ತು. ಈಗಲೇ ಬರೆದುಕೊಡುತ್ತಿದ್ದೆ.’

ಕೇಳಿದಿರಾ? ಗುಂಡು ಸೌಜನ್ಯದಿಂದ ಒಳಗೇ ಉಳಿದಿದ್ದರೆ ಮೆಡಲು!

ನನಗೆ ತಡೆಯಲಾಗಲಿಲ್ಲ. ‘ದೊರೆಗಳೇ, ಗುಂಡಿನ ಗಾಯದ ಮೇಲೇ ಬರೆ ಎಳೆದದ್ದು. ಸುಟ್ಟದ್ದರ ಕೆಳಗೆ ಗುಂಡೇಟಿದೆ. ಅವತ್ತು ಇವನನ್ನು ಹಿಡಿದುಕೊಂಡವನೇ ನಾನು.’

ಗುಮಾಸ್ತ ಹೇಳಿದ. ಡಾಕ್ಟರು ತಲೆಯಾಡಿಸಿದರು. ‘ಇರಬಹುದು. ನಿಮ್ಮನ್ನು ಸುಳ್ಳರು ಎನ್ನುವುದಿಲ್ಲ. ಆದರೆ ನಾನು ಕಂಡದ್ದನ್ನು ಬರೆಯಬಹುದು, ಕೇಳಿದ್ದನ್ನಲ್ಲ. ನನಗೆ ಕಾಣುತ್ತಿರುವುದು ಸುಟ್ಟ ಕಲೆ.’

ಬರೆದರು. ಸಹಿ ಹಾಕಿದರು. ಗುಮಾಸ್ತ ಅದನ್ನು ಪದ ಪದವಾಗಿ ತಮಿಳಿನಲ್ಲಿ ಹೇಳಿ, ‘ಗೊತ್ತಾಯ್ತಾ?’ ಎಂದ. ಗೊತ್ತಾಗದೆ ಏನು?

ವಾಪಸು ಹೊರಟೆವು. ಪೆರಿಯಕುಳಂ ದಾಟಿ ಒಂದು ಮಾವಿನ ತೋಪಿನಲ್ಲಿ ಎತ್ತು ಬಿಚ್ಚಿ ಬುತ್ತಿ ಬಿಚ್ಚಿದೆವು. ಅತ್ತೆ ಉಣ್ಣಲಿಲ್ಲ.

‘ಅವತ್ತು ನಾನು ಸುಮ್ಕಿದ್ದಿದ್ರೆ...’ ಎಂದರು.

‘ಸುಮ್ಕಿದ್ದಿದ್ರೆ ಕಾಲು ಹೋಗ್ತಿತ್ತವ್ವಾ’ ಎಂದ ಭಾವ.

‘ಕಾಲು ಹೋಗಿದ್ರೆ ನಂಬ್ತಿದ್ರಲ್ಲ!’

ಭಾವ ತನ್ನ ತುತ್ತನ್ನು ಅವರ ಬಾಯಿಗೆ ಇಟ್ಟ. ಎಂಟು ವರ್ಷದ ಮಗಳಿಗೆ ಇಡುವ ಹಾಗೆ. ಅತ್ತೆ ಬೈಯುತ್ತ ನುಂಗಿದರು. ನಾನು ಎತ್ತಿಗೆ ನೀರು ಕುಡಿಸುವ ನೆಪದಲ್ಲಿ ಆಚೆ ಹೋದೆ.

ಊರು ಹತ್ತಿರವಾದಂತೆ ನನ್ನ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಓಡತೊಡಗಿತು. ಮುಚ್ಚಿಡುವುದೇಕೆ, ಬರೆಯುತ್ತೇನೆ. ಸರ್ಟಿಫಿಕೇಟು ಇಂಗ್ಲಿಷಿನಲ್ಲಿದೆ. ನಮ್ಮ ದೊಡ್ಡಿಯ ಹಿರಿಯರಲ್ಲಿ ಇಂಗ್ಲಿಷು ಬಲ್ಲವರು ಒಬ್ಬರೂ ಇಲ್ಲ. ಕಾಗದ ಓದುವವನು ನಾನೇ. ಪತ್ರಿಕೆಗೆ ಬರೆಯುವವನೆಂದು ನನ್ನ ಮೇಲೆ ಅವರಿಗೆ ನಂಬಿಕೆ. ‘ಗುಂಡೇಟು’ ಎಂದು ಓದಿಬಿಟ್ಟರೆ? ಯಾರಿಗೆ ಗೊತ್ತಾಗುತ್ತದೆ? ಅದು ಸುಳ್ಳೂ ಅಲ್ಲ. ಕಾಗದದಲ್ಲಿ ಇರುವುದೇ ಸುಳ್ಳು!

ಚಿನ್ನಮನೂರಿನ ಹತ್ತಿರ ಮೆಲ್ಲಗೆ ಬಾಯಿಬಿಟ್ಟೆ. ಭಾವ ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ.

‘ಬರ್ದಿರೋದನ್ನ ಓದು ಮಚ್ಚಾ. ಪೊಯ್ ಹೇಳಿ ಹಿಡಿಯೋ ಕೋಲು ದನ ಹೊಡೆಯಕ್ಕೂ ಬರಲ್ಲ.’

ಮರುದಿನ ಹುಣ್ಣಿಮೆ. ಬೆಳಿಗ್ಗೆ ದೊಡ್ಡಿಯ ಮುಂದೆ ಎಲ್ಲರೂ ಸೇರಿದರು. ಒಳಗೆ ಹಿಂಡು ಬೆಟ್ಟ ಹತ್ತುವ ಹುರುಪಿನಲ್ಲಿ ಕೊಂಬು ತಾಕಿಸುತ್ತಿತ್ತು. ಕೋಲು ಕೆಂಚಯ್ಯ ತಾತನ ತೊಡೆಯ ಮೇಲಿತ್ತು. ಹೆಂಗಸರು ಹುಲ್ಲು ಮೆದೆಯ ಪಕ್ಕ ನಿಂತಿದ್ದರು.

‘ಏನ್ ಬರ್ದವ್ನೆ ದೊರೆ? ಓದ್ಲಾ’ ಎಂದರು ತಾತ.

ಕಾಗದ ಬಿಚ್ಚಿದೆ. ನನಗೆ ಅದರಲ್ಲಿ ಓದಲು ಬಂದದ್ದು ದಿಂಡಿಗಲ್ ಎಂಬ ಒಂದೇ ಪದ. ಉಳಿದದ್ದು ಗುಮಾಸ್ತ ಹೇಳಿದ ಮಾತು. ಸತ್ಯವಾಗಿ ಹೇಳುತ್ತೇನೆ, ನನ್ನ ನಾಲಗೆ ಒಂದು ಗಳಿಗೆ ಎರಡು ಕಡೆಗೂ ಹೊರಳಿತು. ಭಾವ ನನ್ನನ್ನೇ ನೋಡುತ್ತಿದ್ದ. ಓದಿದೆ: ‘ಬಲತೊಡೆಯ ಮೇಲೆ ಹಳೆಯ ಸುಟ್ಟ ಕಲೆ. ಗುಂಡೇಟಿನ ಗುರುತು ಕಾಣುವುದಿಲ್ಲ.’

ಯಾರೋ ಕೆಮ್ಮಿದರು. ‘ನಾವು ಅವತ್ತೇ ಹೇಳ್ಲಿಲ್ವಾ’ ಎಂಬ ಕೆಮ್ಮು.

ತಾತ ನಿಟ್ಟುಸಿರು ಬಿಟ್ಟರು. ‘ಸರ್ಕಾರನೇ ಹೇಳ್ತಲ್ಲ ರಂಗಾ. ನಾನೇನ್ ಮಾಡ್ಲಿ?’ ಕೋಲನ್ನು ಎತ್ತಿ ಮುಂದಿನ ಮನೆಯವನ ಕಡೆ ತಿರುಗಿದರು.

‘ಕೆಂಚಣ್ಣಾ!’

ಮೆದೆಯ ಪಕ್ಕದಿಂದ ಚೆನ್ನಮ್ಮತ್ತೆ. ಗಂಡಸರ ನಡುವೆಯೇ ನಡೆದು ಬಂದರು.

‘ಗೂಳಿ ತಿವಿದ ಗಾಯ ನೀನು ಎಷ್ಟು ನೋಡಿದ್ದೀಯೆ?’

‘ಅದೇನ್ ಕೇಳ್ತೀಯೆ ತಾಯೀ. ನನ್ನ ಮೈಮೇಲೇ ನಾಕೈತೆ. ದೇವರ ದನದ್ದಲ್ಲಾ, ಮನೆ ದನದ್ದು’ ಎಂದು ತಾತ ಅವಸರವಾಗಿ ಸೇರಿಸಿದರು. (ಕೋಲಿನ ಕಟ್ಟಲೆ ಅವರಿಗೂ ಅನ್ವಯಿಸುತ್ತದಲ್ಲ.)

‘ಮುಂದೆ ಹೊಕ್ಕು ಹಿಂದೆ ಹೊರಟ ಕೊಂಬು ಯಾವತ್ತಾದ್ರೂ ಕಂಡಿದ್ದೀಯಾ?’

ತಾತ ಎತ್ತಿದ ಕೋಲನ್ನು ಮತ್ತೆ ತೊಡೆಯ ಮೇಲೆ ಇಟ್ಟುಕೊಂಡರು.

‘ನಾನು ಎಳೆದಿದ್ದು ಒಂದು ಬರೆ ಅಲ್ಲ. ಎರಡು. ಮುಂದೊಂದು, ಹಿಂದೊಂದು. ಯಾವ ಗೂಳಿ ಹಂಗೆ ತಿವೀತದೆ? ಹೇಳು!’

‘ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ತಾಯಿ?’

‘ಒಂದು ಬರೆ ಕಂಡ್ರಿ. ಎಷ್ಟು ಅಂತ ಒಬ್ರಾದ್ರೂ ಕೇಳಿದ್ರಾ? ಬೇಕಾದಂಗೆ ಮಾತಾಡ್ಕೊಂಡ್ರಿ!’

ತಾತ ಭಾವನನ್ನು ಕೈಹಿಡಿದು ದೊಡ್ಡಿಯ ಗೋಡೆಯ ಮರೆಗೆ ಕರೆದೊಯ್ದರು. ನಾನೂ ಹೋದೆ, ಇನ್ನಿಬ್ಬರು ಹಿರಿಯರೂ ಬಂದರು. ಭಾವ ನಾಚಿಕೊಂಡು ಪಂಚೆ ಎತ್ತಿ ತಿರುಗಿ ನಿಂತ. ತೊಡೆಯ ಹಿಂಭಾಗದಲ್ಲಿ, ಬಟ್ಟೆ ಎಂದೂ ಸರಿಯದ ಜಾಗದಲ್ಲಿ, ಅದೇ ಸುತ್ತು, ಅದೇ ಮೂರು ಗೀಟು. ಮುಂದಿನದಕ್ಕಿಂತ ಎರಡರಷ್ಟು ದೊಡ್ಡದು.

ನಾನು ಅದನ್ನು ಮೊದಲ ಸಲ ನೋಡಿದೆ. ಅವತ್ತು ಅವನ ಹೆಗಲು ಅದುಮಿ ಹಿಡಿದಿದ್ದೆ ಎಂದೆನಲ್ಲ. ಹಿಡಿದಿದ್ದು ನಿಜ, ಆದರೆ ಕಣ್ಣು ಮುಚ್ಚಿಕೊಂಡಿದ್ದೆ. ಬಂಡಿಯ ಚಕ್ರ ಕಾಲ ಮೇಲೆ ಹರಿದಾಗಲೂ ಕಣ್ಣು ಮುಚ್ಚದವನು ನಾನು. ಆ ದಿನ ಮುಚ್ಚಿದೆ. ಗುಂಡನ್ನು ಪಲ್ಟನ್ನಿನ ಡಾಕ್ಟರುಗಳು ಕಿತ್ತು ತೆಗೆದಿರಬೇಕು ಎಂದುಕೊಂಡೇ ಇದ್ದೆ.

ಕೆಂಚಯ್ಯ ತಾತ ಹೆಬ್ಬೆರಳನ್ನು ಮುಂದಿನ ಸುತ್ತಿನ ಮೇಲೆ, ನಡುಬೆರಳನ್ನು ಹಿಂದಿನ ಸುತ್ತಿನ ಮೇಲೆ ಇಟ್ಟು ಅಳೆದರು. ದನದ ಮೈ ಸವರಿ ಸವರಿ ಪಳಗಿದ ಬೆರಳುಗಳು. ತಮ್ಮಷ್ಟಕ್ಕೇ ಹೇಳಿಕೊಂಡರು, ‘ಕೊಂಬು ಹೊಕ್ರೆ ಮೇಲಕ್ಕೆ ಸೀಳ್ತದೆ. ಗೂಳಿ ತಲೆ ಎತ್ತೇ ಎತ್ತುತ್ತಲ್ಲ... ಇದು ನೆಟ್ಟಗೆ ಹೋಗೈತೆ, ಗೋಣಿಗೆ ದಬ್ಬಣ ಹೊಕ್ಕಂಗೆ. ಹೊಕ್ಕಲ್ಲಿ ಸಣ್ಣದು, ಹೊರಟಲ್ಲಿ ದೊಡ್ಡದು. ಇದು ಕೊಂಬಲ್ಲ.’

ಆಮೇಲೆ ಗಟ್ಟಿಯಾಗಿ, ಹೊರಗಿದ್ದವರಿಗೂ ಕೇಳುವಂತೆ: ‘ಇದು ಕೊಂಬಲ್ಲ ಕಣ್ರೋ!’

ಒಬ್ಬ ಹಿರಿಯ, ‘ಸರ್ಕಾರದ ಕಾಗಿದ...?’ ಎಂದ.

‘ಸರ್ಕಾರಕ್ಕೆ ಗೂಳಿ ವಿಷಯ ಏನ್ ಗೊತ್ತು!’ ಎಂದು ತಾತ ಗದರಿದರು. ಹೊರಗೆ ಬಂದು ಕೋಲನ್ನು ಭಾವನ ಕೈಗೆ ಕೊಟ್ಟರು. ಚೆನ್ನಮ್ಮತ್ತೆ ಯಾರ ಮುಖವನ್ನೂ ನೋಡದೆ ಮನೆಗೆ ಹೊರಟುಹೋದರು, ಒಲೆಯ ಮೇಲೆ ಏನೋ ಇಟ್ಟು ಬಂದವರ ಹಾಗೆ.

ನೀವು ಸಂತೋಷಪಡುತ್ತಿದ್ದೀರಿ. ನಾನು ಪಡಲಿಲ್ಲ. ನನಗೆ ಮೈಯೆಲ್ಲ ಉರಿ. ಭಾವನ ತೋಳು ಹಿಡಿದು ನಿಲ್ಲಿಸಿದೆ.

‘ಬಾವಾ, ಡಾಕ್ಟರಿಗೆ ಹಿಂದಿನದು ತೋರಿಸಿದೆಯಾ?’

‘ಇಲ್ಲ.’

‘ಯಾಕೆ?’

‘ಕುರ್ಚಿ ಮೇಲೆ ಕೂತ್ಕೋ ಅಂದ್ರು. ಕೂತಿದ್ದೆ.’

ಅಂದರೆ ಸಾಕ್ಷಿಯ ಮೇಲೇ ಕೂತಿದ್ದ!

‘ಗುಂಡು ಒಳಗಿದೆಯಾ ಅಂತ ಕೇಳಿದ್ರಲ್ಲ. ಹಿಂದೆ ತೂರಿ ಹೊರಗೆ ಹೋಯ್ತು ಅಂತ ಹೇಳ್ಬಾರದಾ?’

‘ಒಳಗೈತಾ ಅಂದ್ರು. ಇಲ್ಲ ಅಂದೆ. ಎಲ್ಲಿ ಹೋಯ್ತು ಅಂತ ಕೇಳ್ಲಿಲ್ಲ ಮಚ್ಚಾ. ಪಲ್ಟನ್ನಾಗೆ ಕೇಳಿದ್ದಕ್ಕಷ್ಟೇ ಜವಾಬು.’

ಇಂಥವನಿಗೆ ಏನು ಹೇಳುತ್ತೀರಿ? ಹಣೆ ಚಚ್ಚಿಕೊಳ್ಳಬೇಕೆನಿಸಿತು. ನನ್ನದೋ ಅವನದೋ, ಯಾವುದು ಹತ್ತಿರ ಸಿಕ್ಕರೆ ಅದು.

‘ಹೋಗಲಿ ಬಿಡು, ಕೋಲು ಬಂತಲ್ಲ. ಇನ್ನು ಆ ಮೆಡಲಿನ ಗೊಡವೆ ಬೇಡ’ ಎಂದೆ.

ಭಾವ ನಿಂತ. ಹಿಂಡು ಆಗಲೇ ದೊಡ್ಡಿಯ ಬಾಗಿಲಿಗೆ ಬಂದಿತ್ತು. ಅವನ ಮುಖದಲ್ಲಿ ಆವರೆಗೆ ನಾನು ಕಾಣದ ಒಂದು ಸಿಟ್ಟಿತ್ತು.

‘ಕೋಲು ನಮ್ಮೂರ್ದು. ನಮ್ಮೂರು ಕೊಡ್ತು. ಗುಂಡು ತಿಂದಿದ್ದು ಸರ್ಕಾರದ ಕೆಲಸಕ್ಕೆ. ಅದಕ್ಕೆ ಜವಾಬು ಅವರೇ ಕೊಡ್ಬೇಕು. ಇನ್ನೊಂದು ಅರ್ಜಿ ಬರೆಸು. ಈ ಸಲ ಪಾದದ ಧೂಳಿ ಅಂತ ಒಂದು ಕಡೆ ಕೂಡ ಬೇಡ.’

ಹೇಳಿ, ಕಾಲೆಳೆಯುತ್ತ ಹಿಂಡಿನ ಮುಂದೆ ಬೆಟ್ಟದ ದಾರಿ ಹಿಡಿದ.

ಬರೆಸುತ್ತೇನೆ. ಮತ್ತೆ ಪೆರಿಯಕುಳಂ, ಮತ್ತೆ ಮರದಡಿಯ ವಾದ, ಮತ್ತೆ ದಿಂಡಿಗಲ್ಲಿಗೆ ಮೂರು ದಿನ. ಆ ಡಾಕ್ಟರು ಎರಡು ಕಡೆಯೂ ನೋಡಿದರೂ ‘ಎರಡು ಸುಟ್ಟ ಕಲೆ’ ಎಂದು ಬರೆದರೆ ನಾನೇನೂ ಆಶ್ಚರ್ಯಪಡುವುದಿಲ್ಲ. ಆದರೂ ಹೋಗುತ್ತೇನೆ. ಊರಿನ ಕೆಮ್ಮುಗಾರರ ಮೇಲೆ ಸಿಟ್ಟು, ಸಾಕ್ಷಿಯ ಮೇಲೆ ಕೂತ ಭಾವನ ಮೇಲೆ ಸಿಟ್ಟು, ಒಂದೇ ಪ್ರಶ್ನೆಗೆ ನಿಲ್ಲಿಸಿದ ಡಾಕ್ಟರ ಮೇಲೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು. ಎರಡನೇ ಪ್ರಶ್ನೆ ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಬರೆಯುತ್ತ ಬರೆಯುತ್ತ ಇಲ್ಲಿಗೆ ಬಂದು ಲೇಖನಿ ನಿಂತಿದೆ. ಅಕ್ಕನ ಮನೆಯಲ್ಲಿ ಭಾವನ ಪಕ್ಕದಲ್ಲೇ ಕೂತು ಇಷ್ಟು ವರ್ಷ ಉಂಡಿದ್ದೇನೆ. ‘ಆ ಗುಂಡು ಎಲ್ಲಿಗೆ ಹೋಯಿತು ಬಾವಾ?’ ಎಂದು ನಾನಾದರೂ ಯಾವತ್ತು ಕೇಳಿದ್ದೆ?